ಪುಟ್ಟಸ್ವಾಮಿಗೆ ಇಟ್ಟ ರಮ್ಮು

ಬೆಸಗರಹಳ್ಳಿಯ ಆ ಜಗಲಿಯ ಮೇಲೆ ನಾವು ಮೂವರಿದ್ದೆವು: ತೀರಿಕೊಂಡ ಗೆಳೆಯ ಪುಟ್ಟಸ್ವಾಮಿಯ ಹೆಂಡತಿ ಕೆಂಪಮ್ಮ, ಅವನ ತಮ್ಮ ಕರಿಯಪ್ಪ, ಮತ್ತು ನಾನು. ಪಿತೃಪಕ್ಷದ ಮಧ್ಯಾಹ್ನ. ಒಳಗೆ ಅವನ ಫೋಟೋದ ಮುಂದೆ ಎಡೆ ಇಟ್ಟು, ಬಂದು ನೆಮ್ಮದಿಯಾಗಿ ಉಂಡು ಹೋಗಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂತಿದ್ದೆವು. ಮಟನ್ ಸಾರು, ಮುದ್ದೆ, ಬೀಡಿ ಎಲ್ಲ ಕೆಂಪಮ್ಮನದು. ಗ್ಲಾಸಿನಲ್ಲಿದ್ದ ರಮ್ಮು ಮಾತ್ರ ನನ್ನದು.

ಆ ರಮ್ಮಿನ ವಿಷಯ ಸ್ವಲ್ಪ ಹೇಳಬೇಕು. ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕಬ್ಬಿನ ಹಾಲು ಪರೀಕ್ಷೆ ಮಾಡುತ್ತ ಕೂದಲು ನರೆಸಿಕೊಂಡವನು ನಾನು. ಅಲ್ಲೇ ಬಾಯ್ಲರಿನ ಮುಂದೆ ಬೆಂದವನು ಪುಟ್ಟಸ್ವಾಮಿ. ಶನಿವಾರ ಸಂಜೆ ಇಬ್ಬರೂ ಕೂತು ರಮ್ಮಿಗೆ ಬಿಸಿನೀರು ಬೆರೆಸಿ ಕುಡಿಯುತ್ತಿದ್ದೆವು. ಅವನು ಹೋದ ಮೇಲೆ ಶನಿವಾರಗಳು ತೀರಾ ಉದ್ದವಾಗಿವೆ. ಮನೆಯಲ್ಲಿ ನಾನೊಬ್ಬನೇ. ಟೀವಿಯನ್ನೇ ಜೊತೆಗಿಟ್ಟುಕೊಂಡು ಕುಡಿಯೋಣವೆಂದರೆ ಅದು ನನ್ನ ಮಾತಿಗೆ ನಗುವುದಿಲ್ಲ. ಹೀಗಿರುವಾಗ ಅಂಗಡಿಯಲ್ಲಿ ಈ ಬಾಟಲಿ ಕಂಡಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಇಳಿಸಿದ ರಮ್ಮನ್ನು ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿಟ್ಟು, ಕೊನೆಗೆ ಕೆಲವು ತಿಂಗಳು ಹೊಗೆವಾಸನೆಯ ವಿಸ್ಕಿ ತುಂಬಿದ್ದ ಹಳೇ ಪೀಪಾಯಿಯಲ್ಲಿ ಇಡುತ್ತಾರಂತೆ. ಹುಟ್ಟಿದ್ದು ಕಬ್ಬಿನಲ್ಲಿ, ಗತ್ತು ಮಾತ್ರ ವಿಸ್ಕಿಯದು. ಬಂಡೂರಿನ ನಮ್ಮ ಮಾವ ಊಟಿಯಲ್ಲಿ ನಾಲ್ಕು ತಿಂಗಳಿದ್ದು ಬಂದು ಮುದ್ದೆಗೆ ಚಮಚ ಕೇಳಿದ ಹಾಗೆ. ಪುಟ್ಟಸ್ವಾಮಿ ಬದುಕಿದ್ದಾಗ ಇಂಥದ್ದು ಕುಡಿಸಲಾಗಲಿಲ್ಲ. ಈಗಲಾದರೂ ಬಂದು ಕುಡಿಯಲಿ, ಬಂದನೆಂದು ನನಗೆ ಗೊತ್ತಾಗಲಿ ಎಂಬ ಆಸೆ.

ಬಾಗಿಲು ತೆಗೆದೆವು. ಜನ್ಮವಿಡೀ ಮಾಪನವಿಲ್ಲದೆ ಏನನ್ನೂ ನಂಬದಿದ್ದ ನಾನು ನೆಲಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಗ್ಲಾಸಿನ ಮಟ್ಟ ನೋಡಿದೆ. ಗುಲಗಂಜಿಯಷ್ಟೂ ಇಳಿದಿರಲಿಲ್ಲ. ಕರಿಯಪ್ಪ ಅದನ್ನೆತ್ತಿ ಒಂದು ಗುಟುಕು ಹಾಕಿ ಮುಖ ಕಿವುಚಿದ.

"ಥೂ! ಏನ್ ಸಾ ಇದು, ಸೌದೆ ಒಲೆ ಊದ್ದಂಗದೆ! ಜಲ್ಮೆಲ್ಲ ಬಾಯ್ಲರ್ ಒಗೆ ಕುಡ್ದೋನ್ಗೆ ಸತ್ ಮ್ಯಾಲೂ ಒಗೆನೇ ಕುಡ್ಸೋಕೆ ಬಂದ್ರಲ್ಲ!"

"ಸುಮ್ಕಿರ್ಲಾ ಕರಿಯ, ಅಣ್ಣ ಆಸೆಯಿಂದ ತಂದವ್ರೆ" ಎಂದಳು ಕೆಂಪಮ್ಮ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಬಿಸ್ನೀರು ಬೆರಸುದ್ರೂ ಅವ್ರಿಗೆ ರಮ್ಮು ಆಗ್ತಿರ್ನಿಲ್ಲ ಕಣಣ್ಣ. ನೀವು ಬ್ಯಾಸ್ರ ಮಾಡ್ಕತ್ತೀರಿ ಅಂತ ಕುಡೀತಿದ್ರು."

ಎಡೆಗೆ ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕು. ನಾನು ನನಗೆ ಇಷ್ಟವಾದದ್ದನ್ನು ಇಟ್ಟಿದ್ದೆ. ಬಾಟಲಿಯನ್ನು ಅಲ್ಲೇ ಬಿಟ್ಟು ಮದ್ದೂರಿನ ಬಸ್ಸು ಹತ್ತಿದೆ.

ವಾರದ ಮೇಲೆ ಕರಿಯಪ್ಪನ ಫೋನು ಬಂತು. "ನಿಮ್ ಬಾಟ್ಲಿ ಖಾಲಿ ಆಯ್ತು ಸಾ. ಅತ್ಗೆ ದಿನಾ ಮಂಡಿ ನೋವ್ಗೆ ತಿಕ್ಕಂಡವ್ರೆ. ಮನೆಯೆಲ್ಲ ಇಸ್ಕಿ ವಾಸ್ನೆ!"

ನಗು ತಡೆಯಲಾಗಲಿಲ್ಲ. ಇದನ್ನು ತಕ್ಷಣ ಯಾರಿಗಾದರೂ ಹೇಳಲೇಬೇಕು ಅನ್ನಿಸಿ ಪುಟ್ಟಸ್ವಾಮಿಯ ನಂಬರು ಒತ್ತಿದೆ.

"ಯೋಳಿ ಅಣ್ಣ" ಎಂದಳು ಕೆಂಪಮ್ಮ. ಆ ಫೋನು ಈಗ ಅವಳ ಹತ್ತಿರವಿದೆ.

"ಮಂಡಿ ನೋವು ಹೇಗಿದೆಯಮ್ಮಾ?" ಎಂದು ಕೇಳಿದೆ.