ಬಾಲ್ಕನಿಯ ಗ್ವಾನೋಸಿನ್

ನನ್ನ ಬೆಳಗು ದೇವರ ಸ್ಮರಣೆಯಿಂದಲ್ಲ, ಪಾರಿವಾಳದ ಹಿಕ್ಕೆಯಿಂದ ಶುರುವಾಗುತ್ತದೆ ಎಂದು ಒಪ್ಪಿಕೊಳ್ಳಲು ನನಗೀಗ ನಾಚಿಕೆಯಿಲ್ಲ. ಡೊಂಬಿವಲಿಯ ಮೂರನೇ ಮಹಡಿಯಲ್ಲಿ ಇರುವವರಿಗೆ ಬೇರೆ ದಾರಿಯೂ ಇಲ್ಲ. ಅಂದೂ ಅಷ್ಟೇ. ನಲ್ಲಿಯಲ್ಲಿ ನೀರು ಬಂತು, ತುಂಬಿಸಿದೆ. ಡಬ್ಬಿ ಕಟ್ಟಿದೆ, ಯಜಮಾನರು ಅದನ್ನು ಎತ್ತಿಕೊಂಡು ಲೋಕಲ್ ರೈಲು ಹಿಡಿಯಲು ಓಡಿದರು. ಆಮೇಲೆ ಕಾವಲಿಯ ಸೇವೆಯಿಂದ ನಿವೃತ್ತಿಯಾದ ಹಳೇ ದೋಸೆ ಸಟ್ಟುಗ ಹಿಡಿದು ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕೂತೆ. ದಿನಾ ಕೆರೆಯುವವಳಿಗೆ ಹಿಕ್ಕೆಯಲ್ಲೂ ಕಾಣುವುದು ಬಹಳವಿರುತ್ತದೆ. ಹೊಸದು ಸುಣ್ಣದ ಹಾಗೆ ಬೆಳ್ಳಗೆ, ಅಂಚಿನಲ್ಲಿ ಸ್ವಲ್ಪ ಹಸಿರು. ಹಳೆಯದರಲ್ಲಿ ಜೋಳದ ಸಿಪ್ಪೆ. ಜೋಳ ಎಲ್ಲಿಂದ ಬಂತೆಂದು ಇಡೀ ಬಿಲ್ಡಿಂಗಿಗೆ ಗೊತ್ತು. ಪಕ್ಕದ ಮನೆಯ ವಿಮಲಾ, ಎಲ್ಲರ ಬಾಯಲ್ಲೂ ವೈನಿ, ಅಂದರೆ ಅತ್ತಿಗೆ, ಬೆಳಗಾವಿ ಕಡೆಯವರು. ಪಾರಿವಾಳಕ್ಕೆ ಒಂದು ಮುಷ್ಟಿ ಜೋಳ ಹಾಕದೆ ತಾವು ಚಹಾ ಮುಟ್ಟುವುದಿಲ್ಲ. ಊಟ ಅವರ ಕಿಟಕಿಯಲ್ಲಿ, ಮುಂದಿನ ಕಾರ್ಯಕ್ರಮ ನಮ್ಮ ಬಾಲ್ಕನಿಯಲ್ಲಿ. ಎದುರೆದುರು ಜಗಳವಾಡಲು ನನಗೆ ಬರುವುದಿಲ್ಲ. ಅದಕ್ಕೇ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಸುರಿದು ಬಿಲ್ಡಿಂಗಿನ ಸೊಸೈಟಿಗೊಂದು ದೂರು ಬರೆದಿಟ್ಟಿದ್ದೆ. ಅಂದು ಸಂಜೆ ಕೊಟ್ಟೇಬಿಡುವುದೆಂದು ನಿಶ್ಚಯವಾಗಿತ್ತು.

ಆದರೆ ಅಂದೇ ಮಗಳು ಅನ್ವಿತಾಳ ಹನ್ನೆರಡನೇ ಕ್ಲಾಸಿನ ಬಯಾಲಜಿ ವೈವಾ. ಬರೆಯುವುದರಲ್ಲಿ ಹುಲಿ, ಪರೀಕ್ಷಕರ ಎದುರು ಕೂತರೆ ನಾಲಿಗೆ ಅಂಟಿಕೊಳ್ಳುತ್ತದೆ. ಕೆಮಿಸ್ಟ್ರಿಯಲ್ಲಿ ಹಾಗೇ ಆಗಿ ಎರಡು ದಿನ ಅತ್ತಿದ್ದಳು. ಇನ್ನೊಮ್ಮೆ ಅವಳು ಹಾಗೆ ಅಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಹೊಸ್ತಿಲಲ್ಲಿ ನಿಂತು ಪಾಠ ಒಪ್ಪಿಸುತ್ತಿದ್ದಳು. ಆರ್‌ಎನ್‌ಎ ಎಂಬ ಸರಕ್ಕೆ ನಾಲ್ಕು ಬಗೆಯ ಮಣಿಗಳಂತೆ. “ಅಡೆನೋಸಿನ್, ಸೈಟಿಡಿನ್, ಯುರಿಡಿನ್... ಔರ್... ಮಮ್ಮಿ, ಚೌಥಾ ಫಿರ್ ಭೂಲ್ ಗಯೀ!”

ಇಲ್ಲೇ ಹುಟ್ಟಿ ಬೆಳೆದವಳಿಗೆ ಬಾಯಿಗೆ ಬರುವುದು ಹಿಂದಿಯೇ. ಅವಳು ಮತ್ತೆ ಮರೆತ ನಾಲ್ಕನೆಯದಕ್ಕಾಗಿ ಪುಸ್ತಕದಲ್ಲಿ ಇಣುಕಿದೆ. ಗ್ವಾನೋಸಿನ್. ಇದೆಂಥ ಹೆಸರು? ನೆನಪಲ್ಲಿ ನಿಲ್ಲದ ಪದದ ಹುಟ್ಟೂರು ಕೇಳಿ ನೋಡಿ ಎನ್ನುತ್ತಿದ್ದರು ನಮ್ಮ ಕಾನ್ವೆಂಟಿನ ಸಿಸ್ಟರ್. ಅವರಿಂದಲೇ ಬಹುಮಾನ ಪಡೆದ, ಈಗ ಬೆನ್ನು ಹರಿದ ಡಿಕ್ಷನರಿಯನ್ನು ಶುದ್ಧವಾಗಿದ್ದ ಎಡಗೈಯಲ್ಲಿ ತೆರೆದೆ. ಗ್ವಾನೀನ್ ಎಂಬುದಕ್ಕೆ ಒಂದು ಸಕ್ಕರೆ ಅಂಟಿದರೆ ಗ್ವಾನೋಸಿನ್. ಆ ಗ್ವಾನೀನ್ ಮೊಟ್ಟಮೊದಲು ಸಿಕ್ಕಿದ್ದು ಗ್ವಾನೋದಲ್ಲಿ. ಗ್ವಾನೋ ಎಂದರೆ ಕಡಲಹಕ್ಕಿಗಳ ಹಿಕ್ಕೆ!

“ಅನ್ವೀ, ಇದೇ ನೋಡು!” ಎಂದು ಸಟ್ಟುಗ ಎತ್ತಿ ತೋರಿಸಿದೆ.

“ಛೀ ಮಮ್ಮಿ, ಅಭೀ ನಾಶ್ತಾ ಕರ್ನಾ ಹೈ!” ಅವಳ ತಿಂಡಿ ಇನ್ನೂ ಆಗಿರಲಿಲ್ಲ.

ಒಳಗಿನಿಂದ ಅತ್ತೆ ಕೂಗಿದರು: “ಆ ಕೈಯಲ್ಲಿ ಪುಸ್ತಕ ಮುಟ್ಟಬೇಡ ಮಾರಾಯ್ತಿ! ಮಿಂದೇ ಅಡುಗೆಮನೆಗೆ ಬಾ.” ಉಡುಪಿ ಬಿಟ್ಟು ನಲವತ್ತು ವರ್ಷವಾದರೂ ಅವರ ಮಡಿ ಊರು ಬಿಟ್ಟಿಲ್ಲ. ಈ ವಸ್ತು ನಮ್ಮೆಲ್ಲರ ಮೈಯೊಳಗೂ ಇದೆಯೆಂದು ವಿವರಿಸಿದೆ.

“ನನ್ನ ಒಳಗೂ ಉಂಟಾ?”

“ಉಂಟು ಅತ್ತೆ.”

“ಒಳಗಿದ್ದದ್ದು ಒಳಗೆ ಇರಲಿ. ನೀನು ಮಿಂದು ಬಾ.”

ಮಗಳು ಮೊಸರು ಸಕ್ಕರೆ ತಿಂದು ಹೋದಳು. ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಬಾಲ್ಕನಿಯ ಕಟ್ಟೆ ಮೇಲೆ ಕುತ್ತಿಗೆ ಕುಣಿಸುತ್ತಿದ್ದ ಪಾರಿವಾಳವನ್ನು ನೋಡಿದರೆ, ದೂರದ ಸಂಬಂಧಿಯೊಬ್ಬರು ಹೇಳದೆ ಕೇಳದೆ ಬಂದು ಕೂತ ಹಾಗೆ ಅನಿಸುತ್ತಿತ್ತು, ಓಡಿಸಲೂ ಸಂಕೋಚ. ಮೊದಲು ಸಿಕ್ಕಿದ ಜಾಗದಿಂದಲೇ ಹೆಸರಿಡುವುದು ಪದ್ಧತಿಯಾದರೆ, ಈ ಮನೆಯಲ್ಲಿ ನನ್ನನ್ನು ಸಿಂಕ್ ಎಂದೇ ಕರೆಯಬೇಕಾಗುತ್ತಿತ್ತು.

ಸಂಜೆ ದೂರಿನ ಕಾಗದ ಹಿಡಿದು ಬಾಗಿಲು ದಾಟುವಾಗಲೇ ಮಗಳು ಮೆಟ್ಟಿಲಿನಿಂದ ಕಿರುಚಿದಳು. “ಮಮ್ಮಿ, ವಹೀ ಪೂಛಾ! ಚೌಥಾ ವಾಲಾ!” ಕೇಳಿದ್ದು ಅದೇ ನಾಲ್ಕನೆಯ ಮಣಿಯನ್ನಂತೆ, ಎಂದಿನಂತೆ ನಾಲಿಗೆ ಅಂಟಿತ್ತಂತೆ. ಅಷ್ಟರಲ್ಲಿ ಸಟ್ಟುಗ ಹಿಡಿದ ನಾನು ಕಣ್ಣೆದುರು ಬಂದೆನಂತೆ. ಗ್ವಾನೋಸಿನ್ ಎಂದಳಂತೆ, ಹೆಸರಿನ ಕಥೆಯನ್ನೂ ಹೇಳಿದಳಂತೆ. ಪರೀಕ್ಷಕರು ನಕ್ಕು, ಇದನ್ನು ಯಾರು ಕಲಿಸಿದರು ಎಂದು ಕೇಳಿದರೆ, “ಮೇರೀ ಮಮ್ಮಿ. ಹಮಾರೀ ಪೂರೀ ಬಾಲ್ಕನಿ ಉಸೀ ಸೆ ಭರೀ ಹೈ,” ನಮ್ಮ ಬಾಲ್ಕನಿ ತುಂಬ ಅದೇ ಇದೆ ಎಂದು ಉತ್ತರ ಕೊಟ್ಟು ಬಂದಿದ್ದಾಳೆ. ಇಪ್ಪತ್ತು ವರ್ಷ ಉಜ್ಜಿ ಉಜ್ಜಿ ಗಳಿಸಿದ ನನ್ನ ಗೃಹಿಣಿಯ ಮಾನ ಒಂದೇ ವಾಕ್ಯದಲ್ಲಿ ಹೋಯಿತು. ಆದರೂ ಅವಳನ್ನು ತಬ್ಬಿಕೊಂಡೆ. ಕಾಗದ ಇಬ್ಬರ ನಡುವೆ ಸಿಕ್ಕಿ ಮುದ್ದೆಯಾಯಿತು.

ವಿಮಲಾ ವೈನಿ ತಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕಸದ ಬುಟ್ಟಿ ಹೊರಗಿಡುತ್ತ ಅಂದರು: “ಅಂದ್ರ ನಮ್ಮ ಪಾರಿವಾಳನ ಪಾಸ್ ಮಾಡಿಸ್ಯಾವ ಅನ್ರಿ! ಇರ್ಲಿ ಬಿಡ್ರಿ, ಮೇನ್ ಪರೀಕ್ಷಾ ಮುಗಿಯೂತನಾ ಇನ್ನೊಂದ್ ಮುಟಗಿ ಜ್ವಾಳ ಜಾಸ್ತಿ ಹಾಕ್ತೀನಿ.”