ಯಜಮಾನರ ಡಿಕ್ಕಿ ಪುಸ್ತಕ

ನಮ್ಮ ಯಜಮಾನರೊಂದಿಗೆ ಹದಿನೆಂಟು ವರ್ಷ ಸಂಸಾರ ಮಾಡಿಯೂ ನನ್ನ ತಲೆ ನೆಟ್ಟಗಿದೆ. ಇದು ವಿಜ್ಞಾನಕ್ಕೂ ಬಿಡಿಸಲಾಗದ ಒಗಟು! ರಾಯದುರ್ಗದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ವಿಜ್ಞಾನ ಹೇಳುವ ಮೇಷ್ಟ್ರು ಅವರು. ಅಷ್ಟೊಂದು ಪಾಠಗಳಿರುವಾಗ ಅವರ ತಲೆಗೆ ಅಂಟಿಕೊಂಡದ್ದು ಒಂದೇ: ಕಣಕ್ಕೆ ಕಣ ಡಿಕ್ಕಿ ಹೊಡೆದರೆ ಮಾತ್ರ ರಾಸಾಯನಿಕ ಕ್ರಿಯೆ. ಅದೂ ಬರೀ ಡಿಕ್ಕಿ ಸಾಲದು. ಸಾಕಷ್ಟು ಜೋರಿರಬೇಕು, ಮುಖ ಸರಿಯಾದ ಕಡೆಗೆ ತಿರುಗಿರಬೇಕು. ಅಂಥ ಡಿಕ್ಕಿಗಳು ಹೆಚ್ಚಾದಷ್ಟೂ ಕ್ರಿಯೆ ಬೇಗ. ಇದನ್ನು ಮಕ್ಕಳಿಗೆ ಹೇಳಿ ಸುಮ್ಮನಿರುತ್ತಾರೆಯೇ? ಮನೆಯಲ್ಲಿ ನಾನೊಬ್ಬಳು ಇದ್ದೇನಲ್ಲ!

ಒಮ್ಮೆ ಸ್ನಾನದ ನೀರಿನ ಒಲೆಗೆ ಕಟ್ಟಿಗೆ ಇಟ್ಟು ಬಂದೆ. ದಪ್ಪ ಕಟ್ಟಿಗೆಯ ಒಳಗಿನ ಕಣಗಳಿಗೆ ಗಾಳಿ ಹೇಗೆ ತಗುಲಬೇಕು ಎಂದು ಇವರು ಅದನ್ನು ಎಳೆದು ಹಾಕಿ, ಶೇಂಗಾ ಹೊಟ್ಟನ್ನು ಕುಟ್ಟಿ ಪುಡಿ ಮಾಡಿ ಎರಡು ಬೊಗಸೆ ಎರಚಿದರು. ಒಲೆ ಭಗ್ ಎಂದಿತು. ಎಡ ಹುಬ್ಬು, ಅರ್ಧ ಮೀಸೆ ಹೋದವು. ನಾನು ಎದೆ ಬಡಿದುಕೊಂಡು ಓಡಿದರೆ, "ನೋಡಿದ್ಯಾ, ಪುಡಿ ಮಾಡಿದ್ರ ಎಷ್ಟು ಲಗೂನ ಆತು" ಎಂದು ಖುಷಿಪಟ್ಟರು. ನೀರು ಮಾತ್ರ ಕಾದಿರಲಿಲ್ಲ.

ಗುಮ್ಮಘಟ್ಟದ ಶೇರ್ ಆಟೋ ಹತ್ತಿದರೆ ಇನ್ನೊಂದು ಪಾಠ. ಜಾಗ ಅಷ್ಟೇ ಇದ್ದು ಕಣ ಹೆಚ್ಚಾದರೆ ಡಿಕ್ಕಿಯೂ ಹೆಚ್ಚು ಎಂದು ಪಕ್ಕದಲ್ಲಿ ಕೂತ ಮುದುಕರೊಬ್ಬರಿಗೆ ಮೊಣಕೈಯಿಂದ ತಿವಿದು ತಿವಿದು ವಿವರಿಸಿದರು. ಮುದುಕರು ಮೂರು ಹಳ್ಳಿ ದಾಟುವವರೆಗೆ ತಡೆದುಕೊಂಡರು. ಆಮೇಲೆ, "ಮೇಷ್ಟ್ರ, ಇನ್ನೊಂದು ಡಿಕ್ಕಿ ಆದ್ರ ಕ್ರಿಯೆ ನಡೀತೈತಿ ನೋಡ್ರಿ" ಎಂದು ಕೋಲು ಎತ್ತಿಕೊಂಡರು. ನನಗೆ ತಿಳಿದಂತೆ ಇವರ ಪಾಠ ಪೂರ್ತಿ ಅರ್ಥವಾದದ್ದು ಆ ಮುದುಕರೊಬ್ಬರಿಗೇ.

ನಗುವುದು ಇಲ್ಲಿಗೆ ಮುಗಿಯಿತು. ಮುಂದಿನದಕ್ಕೆ ನನಗೆ ನಗು ಬರುವುದಿಲ್ಲ.

ನನ್ನ ತವರು ಮಡಕಶಿರಾ. ಅಲ್ಲಿ ಅಣ್ಣ ತಂಗಿಗೆ ಬಾಗಿನ ತರುವುದು ಗೌರಿಹಬ್ಬಕ್ಕೆ. ರಾಯದುರ್ಗದ ಕಡೆ ಅಣ್ಣ ಬಂದು ತಂಗಿಯನ್ನು ಕರೆದೊಯ್ಯುವುದು ಅದಕ್ಕೂ ತಿಂಗಳು ಮುಂಚೆ, ನಾಗರಪಂಚಮಿಗೆ. ಒಂದು ಪಂಚಮಿಯಲ್ಲಿ ಓಣಿಯ ಹೆಂಗಸರು, ನಿನ್ನನ್ನು ಕರೆಯಲು ಯಾರೂ ಬರಲಿಲ್ಲವೇ ಎಂದು ಕೇಳಿ ಕೇಳಿ ನನ್ನ ತಲೆ ಕೆಡಿಸಿದರು. ಅಣ್ಣನಿಗೆ ಫೋನು ಮಾಡಿ, ನನಗೆ ತವರೇ ಇಲ್ಲ ಅಂದುಕೊಳ್ಳುತ್ತೇನೆ ಎಂದುಬಿಟ್ಟೆ. ಅಪ್ಪ ಅಮ್ಮ ಹೋದ ಮೇಲೆ ಒಂದು ವರ್ಷವೂ ಬಾಗಿನ ತಪ್ಪಿಸದ ಅಣ್ಣ! ಆ ವರ್ಷದ ಮೊರ, ಬಳೆ ಎಲ್ಲ ಆಗಲೇ ಕೊಂಡಿಟ್ಟಿದ್ದನಂತೆ. ಆ ಗೌರಿಗೆ ಅವನು ಬರಲಿಲ್ಲ. ಆಮೇಲಿನ ಐದು ಗೌರಿಗೂ ಬರಲಿಲ್ಲ. ನಾನು ಫೋನು ಮಾಡಿದರೆ ಎತ್ತುವುದಿಲ್ಲ. ಅವನ ಬಾಗಿಲಿಗೆ ಹೋಗಿ ನಿಲ್ಲಲು ನನಗೆ ಮುಖವಿರಲಿಲ್ಲ.

ಯಜಮಾನರು ಬಿಟ್ಟಾರೆಯೇ? ಅಮರಾಪುರದ ಒಂದು ಮದುವೆಯಲ್ಲಿ ಅಣ್ಣ ಸಾರಿನ ಬಕೆಟ್ಟು ಹಿಡಿದು ಪಂಕ್ತಿಗೆ ಬಡಿಸುತ್ತಿದ್ದ. ಇವರು ಹಿಂದಿನಿಂದ ನನ್ನನ್ನು ಅವನ ಮೇಲೆ ದೂಡಿಯೇಬಿಟ್ಟರು. ಡಿಕ್ಕಿ ಆಯಿತು. ಸಾರೆಲ್ಲ ಅಣ್ಣನ ಪಂಚೆಯ ಮೇಲೆ. ಅವನು ನನ್ನ ಮುಖ ನೋಡದೆ, ಊಟವನ್ನೂ ಮಾಡದೆ ಹೊರಟುಹೋದ. ಬಸ್ಸಿನಲ್ಲಿ ಅಳುತ್ತಾ ಕೂತ ನನಗೆ ಇವರ ಸಮಾಧಾನ ಕೇಳಿ: "ಅವ ಆ ಕಡೆ ತಿರುಗಿದ್ದ. ದಿಕ್ಕು ತಪ್ಪಿತು, ಅಷ್ಟ. ಡಿಕ್ಕ್ಯಾಗ ಬಾಳಷ್ಟು ವೇಸ್ಟ್ ಆಗ್ತಾವ." ಅಂದೇ ನಾನು ಅಣ್ಣನ ಆಸೆ ಬಿಟ್ಟೆ. ಇವರ ಆಸೆಯನ್ನೂ ಬಿಟ್ಟೆ.

ಆ ಮದುವೆಯಾದಾಗಿನಿಂದ ಇವರು ತಿಂಗಳಿಗೊಂದು ಭಾನುವಾರ ಸ್ಪೆಷಲ್ ಕ್ಲಾಸ್ ಎಂದು ಬುತ್ತಿ ಕಟ್ಟಿಸಿಕೊಂಡು ಬೆಳಗ್ಗೆಯೇ ಹೊರಟುಬಿಡುತ್ತಿದ್ದರು. ಒಂದು ದಿನವಾದರೂ ಮನೆಗೆ ಶಾಂತಿ ಎಂದು ನಾನೂ ಕೇಳುತ್ತಿರಲಿಲ್ಲ. ಮೊನ್ನೆ ಒಗೆಯಲೆಂದು ಇವರ ಚೀಲ ಕೊಡವಿದಾಗ ಒಂದು ಲ್ಯಾಬ್ ರೆಕಾರ್ಡ್ ಪುಸ್ತಕ ಬಿತ್ತು. ಮೊದಲ ಪುಟದಲ್ಲಿ ದುಂಡಗಿನ ಅಕ್ಷರ: 'ಸ್ಥಳ: ಮಡಕಶಿರಾ, ಭಾವನ ಮನೆ. ಡಿಕ್ಕಿ ಒಂದು: ಬಾಗಿಲು ತೆಗೆಯಲಿಲ್ಲ.' ಎರಡು, ಮೂರು, ನಾಲ್ಕು, ಎಲ್ಲಕ್ಕೂ ಅದೇ. 'ಡಿಕ್ಕಿ ಏಳು: ಬಾಗಿಲು ತೆಗೆದ, ನೋಡಿದ, ಹಾಕಿಕೊಂಡ.' 'ಡಿಕ್ಕಿ ಹದಿನಾಲ್ಕು: ಕಟ್ಟೆಯ ಮೇಲೆ ಕೂತು ಬುತ್ತಿ ತಿಂದೆ. ಕುಡಿಯಲು ನೀರು ತಂದಿಟ್ಟ. ಶಾಖ ಏರುತ್ತಿದೆ.' ಕೊನೆಯ ಪುಟ: 'ಡಿಕ್ಕಿ ಇಪ್ಪತ್ತೆರಡು: ಅವಳ ಬಳೆ ಅಳತೆ ಈಗಲೂ ಅದೇನಾ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ.'

ಹದಿನೆಂಟು ವರ್ಷ ಸಂಸಾರ ಮಾಡಿದ ಗಂಡನಿಗೆ ಹೆಂಡತಿಯ ಬಳೆಯ ಅಳತೆ ಗೊತ್ತಿಲ್ಲ! ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಶಾಲೆ ಮುಗಿಸಿ ಬಂದವರು ನನ್ನ ಮಡಿಲಲ್ಲಿ ಪುಸ್ತಕ ನೋಡಿ, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತರು.

"ಗೌರಿಹಬ್ಬ ಸನೇಕ ಬಂತು," ಎಂದರು ಮೆಲ್ಲಗೆ. "ಅಳತಿ ಹೇಳು, ಬರಕೊಂಡು ಹೋಗ್ತೀನಿ."

ನಾನು ಎರಡೂ ಕೈ ಚಾಚಿದೆ.

"ಅಳತೆ ಯಾಕ್ರೀ? ಈ ಸಲ ಕೈನೇ ಕರ್ಕೊಂಡೋಗಿ."