ತಪ್ಪು ಪಿಸ್ತೂಲಿನದೇ

ಮನೆಯಲ್ಲಿ ಪರವಾನಗಿ ಇರುವ ಪಿಸ್ತೂಲು ಇಟ್ಟುಕೊಂಡು ಜಿರಳೆಗೆ ಹೆದರುವ ಗಂಡಸು ಇಡೀ ಕೊಪ್ಪಳ ಜಿಲ್ಲೆಯಲ್ಲಿ ಒಬ್ಬರೇ ಇದ್ದರು. ನಮ್ಮಪ್ಪ ಹುಡುಕಿ ಹುಡುಕಿ ನನ್ನನ್ನು ಅವರಿಗೇ ಕೊಟ್ಟಿದ್ದ.

ಅದು ಒಂದು ಸೋಮವಾರ. ಬೆಳಗಿನ ಚಹಾ ಆಗಿತ್ತು. ಅವರು ಕಬ್ಬಿಣದ ಬೀರು ತೆಗೆದು ಪಿಸ್ತೂಲಿನ ಪೆಟ್ಟಿಗೆಗೆ ಕೈ ಹಾಕಿದ್ದೇ ತಡ, ಅದರ ಹಿಂದಿನಿಂದ ಜಿರಳೆಯೊಂದು ಮೀಸೆ ಆಡಿಸುತ್ತ ಹೊರಗೆ ಬಂತು. ಅವರು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಮಂಚ ಏರಿ ನಿಂತರು.

"ಏ, ಲಗೂನ ಬಾ ಇಲ್ಲಿ. ಐತಿ, ಇಲ್ಲೇ ಐತಿ."

"ಕೈಯಾಗ ಪಿಸ್ತೂಲ ಹಿಡ್ಕೊಂಡು ನನ್ನ ಯಾಕ ಕರೀತೀರಿ?"

"ಇದು ಕಾಗದಕ್ಕ ಹೊಡಿಯೂದು, ಜೀವಕ್ಕಲ್ಲ. ನೀ ಕಸಬರಿಗಿ ತಗೊಂಡು ಬಾ."

ನಾನು ಒಂದೇ ಏಟಿಗೆ ಮುಗಿಸಿದೆ. ಅವರು ಕೆಳಗಿಳಿದು ಧೋತರ ಸರಿ ಮಾಡಿಕೊಂಡು, "ಸತ್ತಿತೇನು? ಪಾಪ" ಎಂದರು. ಆಮೇಲೆ ಕಟ್ಟೆಯ ಮೇಲೆ ನನ್ನ ಹಳೇ ಸೀರೆಯ ತುಂಡು ಹಾಸಿ, ಪಿಸ್ತೂಲು ಬಿಚ್ಚಿ, ಮಧ್ಯಾಹ್ನದವರೆಗೆ ಒರೆಸಿದರು. ರೊಟ್ಟಿ, ಬದನೆಕಾಯಿ ಪಲ್ಯ ಉಂಡರು. ಸಂಜೆ, "ಗುರಿ ನೋಡೂ ಹಿಂದಿನ ಸೈಟು ಒಂದು ಕೂದಲೆಳಿಯಷ್ಟು ಎಡಕ್ಕ ಸರಿಸಿದ್ರ ಎಲ್ಲಾ ಸರಿ ಆಕ್ಕೈತಿ. ನಾಳೆ ಮಾಡ್ತೀನಿ" ಎಂದರು.

ಮಂಗಳವಾರ ಅವರು ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು. ಐದು ತಿಂಗಳಾಯಿತು. ಮಾತಾಡಿಸಲು ಬಂದವರು ಕಣ್ಣು ಒರೆಸಿಕೊಳ್ಳುತ್ತಿದ್ದರೆ ನನಗೆ ಮಂಚದ ಮೇಲೆ ನಿಂತ ಅವರ ನೆನಪಾಗಿ ನಗು ಬಂದುಬಿಡುತ್ತದೆ. ಏನು ಮಾಡಲಿ?

ಅವರ ಹೆಸರು ಹೇಳುವುದಿಲ್ಲ. ಮೂವತ್ತೈದು ವರ್ಷದಲ್ಲಿ ಪದ್ಯದೊಳಗೆ ಹೆಸರು ಸೇರಿಸುವ ಒಡಪು ಹಾಕದೆ ಒಮ್ಮೆಯೂ ಗಂಡನ ಹೆಸರು ಹೇಳಿದವಳಲ್ಲ. ಈಗ ಒಡಪು ಕಟ್ಟುವ ಮನಸ್ಸಿಲ್ಲ. ಯಲಬುರ್ಗಾ ಕಡೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದರು ಎಂದರೆ ಸಾಕು. ಹುಡುಗರನ್ನು ಶಿಬಿರಕ್ಕೆ ಕರೆದುಕೊಂಡು ಹೋದಾಗ ಗುಂಡು ಹೊಡೆಯುವ ಚಟ ಅಂಟಿಕೊಂಡಿತು. ನಿವೃತ್ತಿಯಾಗಿ ಕೊಪ್ಪಳಕ್ಕೆ ಬಂದ ಮೇಲೆ, ಕಚೇರಿಯಿಂದ ಕಚೇರಿಗೆ ಅಲೆದು, ಒಂದು ಪಾಯಿಂಟ್ ಟ್ವೆಂಟಿ ಟೂ ಪಿಸ್ತೂಲು ತಂದರು. ಉಳಿದವರು ನಿವೃತ್ತಿಯಾದ ಮೇಲೆ ಕಾಶಿಗೆ ಹೋಗುತ್ತಾರೆ. ಇವರು ಭಾನುವಾರ ಬೆಳಿಗ್ಗೆ ಊರ ಹೊರಗಿನ ಅಭ್ಯಾಸದ ಮೈದಾನಕ್ಕೆ ಹೋಗುತ್ತಿದ್ದರು.

ಈ ಪಿಸ್ತೂಲಿನ ತೋಟಾ ನಮ್ಮ ಕಿರುಬೆರಳಿಗಿಂತ ತೆಳು. ಮದ್ದು ಅದರ ತಳದ ಅಂಚಿನೊಳಗೆ ಇರುತ್ತದಂತೆ. ಪಿಸ್ತೂಲಿನೊಳಗಿನ ಮೊಳೆ ಅಂಚಿಗೇ ಬಡಿಯಬೇಕಂತೆ. "ನಡುವ ಬಡದ್ರ ಏನೂ ಆಗಂಗಿಲ್ಲ. ಅಂಚಿಗೆ ಬಡಿಬೇಕು. ಮನಷ್ಯಾರೂ ಹಂಗs" ಎಂದು ಪಾಠ ಹೇಳುತ್ತಿದ್ದರು. ನನಗೆ ಅರ್ಥವಾಗಿದ್ದು ಇಷ್ಟೇ: ಆ ತೋಟಾ ಬಹಳ ಮಸಿ ಬಿಡುತ್ತದೆ, ಆ ಮಸಿ ಒರೆಸಲು ನನ್ನ ಸೀರೆಗಳು ಬೇಕು. ಅದೂ ಹತ್ತಿಯದೇ ಆಗಬೇಕು, ಹತ್ತು ಸಲ ಒಗೆದು ಮೆತ್ತಗಾಗಿರಬೇಕು. ಇಳಕಲ್ ಸೀರೆಯೊಂದು ಇನ್ನೂ ಎರಡು ವರ್ಷ ಉಡಬಹುದಾಗಿತ್ತು. ಅವರು ಅದನ್ನು ದಿನಾ ಮುಟ್ಟಿ ನೋಡಿ, "ಆಗೇತಿ ಅನಸ್ತೈತಿ" ಎನ್ನುತ್ತಿದ್ದರು. ನಾನೇ ಬೇಸತ್ತು ಹರಿದು ಕೊಟ್ಟೆ.

ಮೈದಾನದಿಂದ ಬರುವಾಗ ತೂತು ಬಿದ್ದ ಗುರಿಕಾಗದ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಹಾಸುತ್ತಿದ್ದರು. ಹತ್ತು ಗುಂಡು, ಹತ್ತು ತೂತು. ತೂತುಗಳು ಎಷ್ಟು ಹತ್ತಿರ ಹತ್ತಿರ ಬಿದ್ದಿವೆಯೋ ಅಷ್ಟು ಛಲೋ. ಅವರು ಮಿಲಿಮೀಟರಿನಲ್ಲಿ ಹೇಳುತ್ತಿದ್ದರು. ಮಿಲಿಮೀಟರು ತಿಳಿದು ನಾನೇನು ಮಾಡಲಿ? ಮೊದಲ ದಿನ ಲಟ್ಟಣಿಗೆ ಕೈಯಲ್ಲಿತ್ತು, ನೋಡಿ ಹೇಳಿದೆ: "ರೊಟ್ಟಿಯಷ್ಟು ಐತಿ ಬಿಡ್ರಿ."

ಅವರಿಗೆ ಅವಮಾನವಾಯಿತು. ಎರಡು ದಿನ ರೊಟ್ಟಿ ಬಿಟ್ಟು ಅನ್ನ ಉಂಡರು. ಮುಂದಿನ ಭಾನುವಾರ ತಾವೇ ಕೇಳಿದರು, "ನೋಡು, ಇದು ಏನಷ್ಟು ಆಗೇತಿ?"

"ಹೋಳಿಗಿ."

ಮುಖ ಅರಳಿತು. ಅಲ್ಲಿಂದ ನಮ್ಮ ಮನೆಯ ಅಳತೆ ಅದೇ ಆಯಿತು. ರೊಟ್ಟಿಗಿಂತ ಹೋಳಿಗೆ ಮೇಲು, ಹೋಳಿಗೆಗಿಂತ ಪೂರಿ, ಪೂರಿಗಿಂತ ನಿಪ್ಪಟ್ಟು. ಎಲ್ಲಕ್ಕೂ ಮೇಲೆ ಪೇಡೆ. ಹತ್ತೂ ತೂತು ಒಂದು ಪೇಡೆಯ ಕೆಳಗೆ ಮುಚ್ಚಿಹೋಗಬೇಕು, ಅದೊಂದೇ ಅವರ ಆಸೆ. ಪ್ರಶಸ್ತಿ ಬೇಡ, ಪದಕ ಬೇಡ. ನಾನು ಕಾಗದ ನೋಡಿ "ಪೇಡೆ" ಎನ್ನಬೇಕು. ಅದಕ್ಕಾಗಿ ಪಿಸ್ತೂಲಿನ ಒಂದೊಂದೇ ಅಂಗ ಸುಧಾರಿಸುತ್ತ ಹೋದರು.

ಮೊದಲು ಹಿಡಿಕೆ. ಕಂಪನಿಯ ಹಿಡಿಕೆ ಅವರ ಅಂಗೈಗೆ ಕೂಡುತ್ತಿರಲಿಲ್ಲವಂತೆ. ಕಿನ್ನಾಳದ ಗೊಂಬೆ ಮಾಡುವವರ ಹತ್ತಿರ ಕಟ್ಟಿಗೆಯ ಹಿಡಿಕೆ ಮಾಡಿಸುತ್ತೇನೆಂದು ಹೊರಟರು. ಕೈಯ ಅಳತೆ ಬೇಕಲ್ಲ? ನಾನು ನಾದಿಟ್ಟ ಜೋಳದ ಹಿಟ್ಟನ್ನು ಮುಷ್ಟಿಯಲ್ಲಿ ಗಟ್ಟಿ ಹಿಡಿದು ಅಚ್ಚು ತೆಗೆದು, ತಟ್ಟೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಜೋಳದ ಹಿಟ್ಟು ಗಾಳಿಗೆ ಬಿರುಕು ಬಿಡದೆ ಇರುತ್ತದೆಯೇ? ಇಳಿಯುವ ಹೊತ್ತಿಗೆ ನಾಲ್ಕು ತುಂಡು. ಮರುದಿನ ಗೋಧಿ ಹಿಟ್ಟು ಒಯ್ದರು.

ಗೊಂಬೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ದೇವರ ಕೈರಿ ಮಾಸ್ತರ್ರ?" ಎಂದರಂತೆ.

"ನಂದs ಐತ್ರಿ."

"ನಿಮಗ ಆರು ಬೆರಳೇನ್ರಿ?"

"ಇಲ್ರಿ, ಬಸ್ಸಿನ್ಯಾಗ ಬಾಜೂಕ ಕುಂತಾಕಿ ಹಿಟ್ಟಿಗಿ ಬೆರಳ ಒತ್ತಿ ನೋಡಿದಳು."

ಹದಿನೈದು ದಿನಕ್ಕೆ ಹಿಡಿಕೆ ತಯಾರಾಯಿತು. ಅಂಗೈಗೆ ಹೂವಿನಂತೆ ಕೂತಿತು. ಆದರೆ ಗಿಳಿಹಸಿರು ಬಣ್ಣ, ಮೇಲೆ ಹಳದಿ ಹೂವು, ಅಂಚಿಗೆ ಕೆಂಪು ಗೆರೆ. ಇವರು ಬೆಪ್ಪಾಗಿ ನಿಂತರಂತೆ. ಗೊಂಬೆಯವರು ಅದಕ್ಕಿಂತ ಬೆಪ್ಪಾದರು. "ಬಣ್ಣ ಇಲ್ಲದ ಕಟ್ಟಿಗಿ ನಮ್ಮ ಮನಿ ಹೊಚ್ಚಲ ದಾಟೂದಿಲ್ರಿ. ಅಂಗಿ ಇಲ್ಲದ ಕೂಸು ಕೊಟ್ಟಂಗ ಆಕ್ಕೈತಿ."

ಇವರು ಬಣ್ಣ ಕೆರೆಯಲಿಲ್ಲ. ಮೈದಾನದಲ್ಲಿ ಉಳಿದವರು, "ಮಾಸ್ತರ್ರ, ಪಿಸ್ತೂಲಿಗಿ ಲಗ್ನ ಗೊತ್ತಾತೇನ್ರಿ?" ಎಂದು ಕೇಳಿದರು. ಆ ದಿನ ಅವರು ತಂದ ಕಾಗದ ನೋಡಿ ನಾನು ಮೊದಲ ಸಲ "ನಿಪ್ಪಟ್ಟು" ಎಂದೆ. ಅವರು ಪೇಟೆಗೆ ಹೋಗಿ ಅರ್ಧ ಕಿಲೋ ನಿಪ್ಪಟ್ಟು ತಂದು ಓಣಿಗೆಲ್ಲ ಹಂಚಿದರು. ಯಾತಕ್ಕೆಂದು ಓಣಿಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಮನೆಯ ಅಭ್ಯಾಸ. ಹೊಡೆದು ಖಾಲಿಯಾದ ತೋಟಾದ ಚಿಪ್ಪು ಹಾಕಿಕೊಂಡು, ಗೋಡೆಯ ಕಡೆ ಗುರಿ ಹಿಡಿದು, ಟಕ್ ಎನ್ನಿಸುವುದು. ಗುರಿಗೆ ನನ್ನ ಹಣೆಯ ಟಿಕಳಿ. ಗೋಡೆಯ ತುಂಬ ಟಿಕಳಿ ಅಂಟಿಸಿದರು: ಕೆಂಪು, ಕಪ್ಪು, ಒಂದು ಹರಳಿನದು. ಪಕ್ಕದ ಮನೆಯಾಕೆ ಸಕ್ಕರೆ ಕೇಳಲು ಬಂದವಳು ಗೋಡೆ ನೋಡಿ ಕೈ ಮುಗಿದು, "ಯಾವ ತಾಯೀರಿ ಇಕಿ? ಹರಕಿ ಏನೈತ್ರಿ?" ಎಂದಳು. ಇವರು ಒಳಗಿನಿಂದ, "ಇಪ್ಪತ್ತೆರಡು ನಂಬರಿನ ತಾಯಿ" ಎಂದರು.

ಚುನಾವಣೆ ಬಂದರೆ ಪಿಸ್ತೂಲನ್ನು ಠಾಣೆಗೆ ಒಪ್ಪಿಸಿ ಬರಬೇಕಾಗಿತ್ತು. ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಮಂಕಾಗುತ್ತಿದ್ದರು. ಎರಡು ದಿನಕ್ಕೊಮ್ಮೆ ಎಣ್ಣೆ ಶೀಶೆ, ಸೀರೆ ತುಂಡು ಹಿಡಿದು ಠಾಣೆಗೆ ಹೋಗುವರು. ಅಲ್ಲಿನ ಪೊಲೀಸಪ್ಪ ಒಳ್ಳೆಯವನು. ಬಾಗಿಲಲ್ಲೇ ತಡೆದು, "ಸರ್, ಉಂಡು ಮಕ್ಕೊಂಡೈತ್ರಿ. ಎಬ್ಬಿಸಬ್ಯಾಡ್ರಿ" ಎಂದು ಕಳಿಸುತ್ತಿದ್ದ.

ಹೀಗೇ ಇರಬೇಕಾಗಿತ್ತು. ಆದರೆ ಅವರು ತೀರಿಕೊಳ್ಳುವ ಎರಡು ವರ್ಷ ಮೊದಲು ಕಾಗದಗಳು ಹಿಂದಕ್ಕೆ ತಿರುಗಿದವು. ನಿಪ್ಪಟ್ಟು ಹೋಗಿ ಪೂರಿ ಬಂತು, ಪೂರಿ ಹೋಗಿ ಹೋಳಿಗೆ. ಅವರು ಪಿಸ್ತೂಲಿನ ಮೇಲೆ ಸಿಟ್ಟಾದರು. ತೋಟಾದ ತಳಿ ಸರಿಯಿಲ್ಲ ಎಂದು ನಾಲ್ಕು ತರದ್ದು ತರಿಸಿ ಹತ್ತತ್ತು ಹೊಡೆದು ನೋಡಿದರು. ಸ್ಪ್ರಿಂಗು ಸೋತಿದೆ ಎಂದು ಹೊಸದು ಹಾಕಿಸಿದರು. ನಳಿಗೆಯೊಳಗೆ ಸೀಸ ಕೂತಿದೆ ಎಂದು ಅದನ್ನು ನನ್ನ ಇಳಕಲ್ ಸೀರೆಯಿಂದ ತಿಕ್ಕಿದರು. ಟ್ರಿಗರ್ ಬಿಗಿಯಾಗಿದೆ ಎಂದು ಗಂಗಾವತಿಯ ಉಸ್ತಾದರ ಹತ್ತಿರ ಒಯ್ದರು. ಉಸ್ತಾದರು ಎಂದರೆ ಪರವಾನಗಿ ಇಟ್ಟುಕೊಂಡು ಬಂದೂಕು ರಿಪೇರಿ ಮಾಡುವ ಹಿರಿಯರು.

ನಾನು ಬೇರೆ ಕಡೆ ನೋಡುತ್ತಿದ್ದೆ. ಚಹಾದ ಕಪ್ಪಿನ ಕೆಳಗಿನ ಬಸಿ ಅವರ ಬಲಗೈಯಲ್ಲಿ ಸಣ್ಣಗೆ ಸದ್ದು ಮಾಡುತ್ತಿತ್ತು. ಅಂಗಿಯ ಮೇಲಿನ ಗುಂಡಿ ಹಾಕಲು ಹೊತ್ತು ಹಿಡಿಯುತ್ತಿತ್ತು. ಪಿಸ್ತೂಲಿಗೇನೂ ಆಗಿಲ್ಲ ಎಂದು ನನಗೆ ಅವರಿಗಿಂತ ಮೊದಲೇ ಗೊತ್ತಾಗಿತ್ತು. ಹೇಳಲಿಲ್ಲ. ಹೇಳಿದ್ದರೆ ಪಿಸ್ತೂಲು ಬೀರು ಸೇರುತ್ತಿತ್ತು, ಅದರ ಹಿಂದೆ ಅವರೂ ಸೇರುತ್ತಿದ್ದರು. ಹಾಗಾಗಿ ಬಸಿ ಬಿಟ್ಟು ಹಿಡಿಕೆ ಇರುವ ದಪ್ಪ ಕಪ್ಪು ತಂದೆ. ಗುಂಡಿಯ ಅಂಗಿ ಹಳತಾಯಿತು ಎಂದು ಜುಬ್ಬಾ ಹೊಲಿಸಿದೆ. ಕಾಗದ ಹಾಸಿದಾಗ, ರೊಟ್ಟಿಯಷ್ಟು ಅಗಲ ಇದ್ದರೂ "ಹೋಳಿಗಿ" ಎಂದೆ. ಹೋಳಿಗೆ ಇದ್ದರೆ "ಪೂರಿ" ಎಂದೆ.

"ಖರೇನ ಪೂರಿ ಏನು?"

"ಸ್ವಲ್ಪ ಉಬ್ಬೇತಿ ಅಷ್ಟs. ಪಿಸ್ತೂಲು ಸರಿ ಮಾಡಸ್ರಿ, ಆಕ್ಕೈತಿ."

"ಹೂಂ. ತಪ್ಪು ಪಿಸ್ತೂಲಿಂದs ಐತಿ" ಎನ್ನುತ್ತಿದ್ದರು. ನಾನೂ ಹೌದೆನ್ನುತ್ತಿದ್ದೆ.

ಹೋದ ವಾರ ಪಿಸ್ತೂಲನ್ನು ಉಸ್ತಾದರ ಅಂಗಡಿಗೆ ಒಪ್ಪಿಸಲು ತಮ್ಮನನ್ನು ಕರೆದುಕೊಂಡು ಗಂಗಾವತಿಗೆ ಹೋಗಿದ್ದೆ. ಪರವಾನಗಿ ಅವರ ಹೆಸರಿನಲ್ಲಿತ್ತು, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಉಸ್ತಾದರು ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಿದರು.

"ಕನ್ನಡಿ ಆಗೇತಿ ನೋಡ್ರಿ ಅಮ್ಮಾರ. ಇಷ್ಟು ಜೋಪಾನ ಮಾಡಿದ ಪಿಸ್ತೂಲು ನಾ ನೋಡಿಲ್ಲ."

ನಾನು ಕೇಳಿದೆ, "ಮತ್ತ ಸ್ಪ್ರಿಂಗು, ಟ್ರಿಗರು ಕೆಟ್ಟಿದ್ದವಲ್ರಿ?"

ಉಸ್ತಾದರು ನಳಿಗೆಯನ್ನು ಕೆಳಗಿಟ್ಟರು. "ಯಾವತ್ತೂ ಕೆಟ್ಟಿದ್ದಿಲ್ರಿ. ಹೋದ ವರ್ಷ ಬಂದಾಗ ನಾನೂ ಅದನ್ನs ಹೇಳ್ದೆ. ಮಾಸ್ತರ್ರು ಕೈ ಚಾಚಿ ತೋರಿಸಿದ್ರು. ಎಲಿ ಅಳ್ಳಾಡಿದಂಗ ಅಳ್ಳಾಡತಿತ್ತು. 'ಇದು ಕೈ ಅಂತ ಗೊತ್ತೈತಿ ಉಸ್ತಾದ. ಆದ್ರ ಮನ್ಯಾಗ ಅಕಿ ಪಿಸ್ತೂಲಿಂದs ತಪ್ಪು ಅಂತ ತಿಳ್ಕೊಂಡಾಳ. ಹಂಗs ತಿಳ್ಕೊಂಡಿರ್ಲಿ, ಇಲ್ಲಂದ್ರ ಅಂಜತಾಳ. ನೀನು ಏನರ ಒಂದು ತಿರುವಿ ಕೊಡು' ಅಂದ್ರು. ನಾ ಒಂದು ಸ್ಕ್ರೂ ಬಿಚ್ಚಿ, ಮತ್ತ ಅದನ್ನs ಹಾಕಿ ಕೊಟ್ಟೆ."

ತಮ್ಮ ಹೊರಗೆ ಬಸ್ಸಿನ ಹೊತ್ತು ವಿಚಾರಿಸಲು ಹೋಗಿದ್ದ. ಉಸ್ತಾದರು ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ರಸೀದಿ ಬರೆದುಕೊಟ್ಟರು. ನಾನು ಹೆಬ್ಬೆಟ್ಟು ಒತ್ತುವವಳಲ್ಲ, ಸಹಿ ಮಾಡುತ್ತೇನೆ. ಆ ದಿನ ಸಹಿ ಎರಡು ಸಲ ತಪ್ಪಿತು.

ಬಸ್ಸಿನಲ್ಲಿ ತಮ್ಮ, "ಏನಂದ್ರು ಅಕ್ಕ?" ಎಂದು ಕೇಳಿದ. "ಛಲೋ ಐತಂತ" ಎಂದೆ. ಕಿಟಕಿಯ ಹೊರಗೆ ಭತ್ತದ ಗದ್ದೆಗಳು ದಾಟಿ ಹೋಗುತ್ತಿದ್ದವು. ಎರಡು ವರ್ಷ ಒಂದೇ ಮನೆಯಲ್ಲಿ ಕೂತು, ಇಬ್ಬರೂ ಒಂದೇ ಸುಳ್ಳನ್ನು ಒಬ್ಬರಿಗೊಬ್ಬರು ಹೇಳಿಕೊಂಡಿದ್ದೆವು.

ಕೈ ನಡುಗುವುದು ನನಗೂ ಗೊತ್ತಿತ್ತು, ನಾನು ಅಂಜಿರಲಿಲ್ಲ. ಇದನ್ನು ಅವರಿಗೆ ಹೇಳಿಲ್ಲ. ಹೇಳಬೇಕೆಂದರೆ ಅವರಿಲ್ಲ.